ಗೋಳಗುಮ್ಮಟದ ಯಾತ್ರೆಯೂ ಕೂಗಾಟವೂ

ಕಾರ್ತಿಕಮಾಸವು ಮುಗಿದು ಚಳಿಯು ತಲೆದೋರಿತೆಂದರೆ ವಿಜಯಪುರದಲ್ಲಿ ಗೋಳಗುಮ್ಮಟದ ಮುಂದೆ ಮೋಟಾರು ಬಸ್ಸುಗಳ ಸಾಲು ನಿಲ್ಲುವುದು. ಪಾಠಶಾಲೆಗಳ ಮಕ್ಕಳು, ಹೊಸದಾಗಿ ಮದುವೆಯಾಗಿ ಊರು ನೋಡಲು ಹೊರಟ ದಂಪತಿಗಳು, ರಜೆಯಲ್ಲಿ ಮೊಮ್ಮಕ್ಕಳೊಡನೆ ಬಂದ ಹಿರಿಯರು, ಇವರೆಲ್ಲರೂ ಅಲ್ಲಿಳಿದು, ನಗಾರಖಾನೆಯನ್ನು ಹಿಂದಿಕ್ಕಿ, ಮೂಲೆಯ ಗೋಪುರದ ಸುತ್ತುಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಹತ್ತುವರು. ಹತ್ತಿ, ಗುಮ್ಮಟದೊಳಗಣ ಮೊಗಸಾಲೆಯನ್ನು ಸೇರಿ, ಗಂಟಲು ಹರಿಯುವಂತೆ ಒಂದಾವೃತ್ತಿ ಕೂಗಿ, ಆ ಕೂಗು ಹಿಂದಿರುಗಿ ಬಂದುದನ್ನು ಕೇಳಿ ನಕ್ಕು, ಹೊರಗಣ ಮಾಳಿಗೆಯ ಅಂಚಿನಲ್ಲಿ ನಿಂತು ಮೊಬೈಲಿನಲ್ಲಿ ತಮ್ಮ ಮುಖವನ್ನು ತಾವೇ ಸೆರೆಹಿಡಿದುಕೊಂಡು ಇಳಿದುಬಿಡುವರು. ಇದಿಷ್ಟಕ್ಕೆ ಮುಕ್ಕಾಲು ಗಂಟೆ ಸಾಕು. ಊರಿಗೆ ಮರಳಿದ ಮೇಲೆ ‘ಗೋಳಗುಮ್ಮಟವನ್ನು ನೋಡಿ ಬಂದೆವು’ ಎಂದು ನೆರೆಹೊರೆಯವರ ಮುಂದೆ ಹೇಳಿಕೊಳ್ಳುವರು. ನೋಡಿದರೆ? ಕೂಗಿದರು, ಅಷ್ಟೆ.

ಇವರು ಅವಿದ್ಯಾವಂತರಾಗಿದ್ದಿದ್ದರೆ ಈ ಮಾತನ್ನು ಎತ್ತಬೇಕಾಗಿರಲಿಲ್ಲ. ಇವರಲ್ಲಿ ಬಹುಮಂದಿ ಪದವೀಧರರು. ಮನೆಯಲ್ಲಿ ಪುಸ್ತಕದ ಕಪಾಟುಳ್ಳವರು. ಯಾತ್ರೆಗೆ ಹೊರಡುವ ಮುನ್ನ ಇವರು ಏರ್ಪಾಡನ್ನೇನೋ ಮಾಡದಿರುವುದಿಲ್ಲ. ಎಷ್ಟು ಗಂಟೆಗೆ ಹೊರಡತಕ್ಕದ್ದು, ಎಲ್ಲಿ ಉಪಾಹಾರ, ರೊಟ್ಟಿಯೂಟಕ್ಕೆ ಯಾವ ಖಾನಾವಳಿ ಒಳ್ಳೆಯದು, ಅದೇ ದಿನ ಸಂಜೆಯೊಳಗೆ ಆಲಮಟ್ಟಿಯ ಉದ್ಯಾನಕ್ಕೂ ಕೂಡಲಸಂಗಮಕ್ಕೂ ಮುಟ್ಟುವುದು ಸಾಧ್ಯವೇ, ಮರುದಿನ ಬಾದಾಮಿ ಐಹೊಳೆ ಪಟ್ಟದಕಲ್ಲುಗಳನ್ನು ಮುಗಿಸಬಹುದೇ, ಎಂಬಿವನ್ನೆಲ್ಲ ಕಾಗದದ ಮೇಲೆ ಬರೆದೇ ಹೊರಡುವರು. ‘ಮುಗಿಸುವುದು’ ಎಂಬ ಶಬ್ದವನ್ನು ಗಮನಿಸಬೇಕು. ಸಾಲವನ್ನು ತೀರಿಸುವವರ ಮಾತಿನಂತಿದೆ ಅದು. ಆ ಕಾಗದದಲ್ಲಿ ಇಲ್ಲದಿರುವುದು ಒಂದೇ: ಮೇಲೆ ಹತ್ತಿದಾಗ ನೋಡತಕ್ಕದ್ದೇನು, ಕೇಳತಕ್ಕದ್ದೇನು ಎಂಬುದು. ಮುಂದಿನವರು ಕೂಗಿದರು, ಹಿಂದಿನವರೂ ಕೂಗಿದರು. ಶಾಸ್ತ್ರಜ್ಞರು ಇದನ್ನೇ ಗಡ್ಡರಿಕಾಪ್ರವಾಹವೆಂದು ಕರೆದರು. ಒಂದು ಕುರಿ ಹಳ್ಳಕ್ಕೆ ಇಳಿದರೆ ಹಿಂಡೆಲ್ಲವೂ ಇಳಿಯುವುದು.

ಅಜ್ಞಾನದ ಜೊತೆಗೆ ಹುಸಿ ಹೆಮ್ಮೆಯೂ ಸೇರಿಕೊಂಡಿದೆ. ‘ಇದು ಜಗತ್ತಿನಲ್ಲಿಯೇ ಎರಡನೆಯ ದೊಡ್ಡ ಗುಮ್ಮಟ’ ಎಂಬ ವಾಕ್ಯವನ್ನು ದಾರಿತೋರುವವರು ಹೇಳುವರು, ಉಪಾಧ್ಯಾಯರು ಮಕ್ಕಳಿಂದ ಬಾಯಿಪಾಠ ಮಾಡಿಸುವರು. ಲೆಕ್ಕವಾದರೋ ಹೀಗಿದೆ: ಗೋಳಗುಮ್ಮಟದ ಒಳವ್ಯಾಸವು ಸುಮಾರು 124 ಅಡಿ. ರೋಮಿನ ಪ್ಯಾಂಥಿಯನ್, ಅದೇ ನಗರದ ಸಂತ ಪೀಟರನ ದೇವಾಲಯ, ಫ್ಲಾರೆನ್ಸಿನ ಮಹಾದೇವಾಲಯ, ಈ ಮೂರರ ಗುಮ್ಮಟಗಳೂ 135 ಅಡಿಗೆ ಮಿಗಿಲಾದವು. ಮೂರೂ ಇದಕ್ಕಿಂತ ಹಿಂದೆ ಕಟ್ಟಿದವು. ಇನ್ನು ಈ ಕಾಲದಲ್ಲಿ ಉಕ್ಕು ಕಾಂಕ್ರೀಟುಗಳಿಂದ ಎಬ್ಬಿಸಿದ ಗುಮ್ಮಟಗಳನ್ನು ಎಣಿಸಹೊರಟರೆ ಎರಡನೆಯ ಸ್ಥಾನವೆಂಬ ಮಾತನ್ನು ಆಡಲಿಕ್ಕೇ ಬಾರದು. ಹಾಗಾದರೆ ಗೋಳಗುಮ್ಮಟಕ್ಕೆ ಹಿರಿಮೆಯಿಲ್ಲವೇ? ಉಂಟು, ಆದರೆ ಅದು ಬೇರೆ ಕಡೆ ಇದೆ. ನಡುವೆ ಒಂದೇ ಒಂದು ಕಂಬವಿಲ್ಲದೆ ಈ ಗುಮ್ಮಟವು ಮುಚ್ಚಿರುವ ನೆಲವು 18,337 ಚದರಡಿ. ವ್ಯಾಸದಲ್ಲಿ ಹಿರಿದಾದ ಪ್ಯಾಂಥಿಯನ್ನಿನ ನೆಲವು 15,833 ಚದರಡಿ ಮಾತ್ರ. ಚಿಕ್ಕ ಗುಮ್ಮಟವು ಹಿರಿಯ ನೆಲವನ್ನು ಮುಚ್ಚಿದ್ದು ಹೇಗೆ ಎಂಬುದೇ ಅಲ್ಲಿಯ ವಿಸ್ಮಯ. ಈ ಪ್ರಶ್ನೆಯು ಮನಸ್ಸಿನಲ್ಲಿ ಹುಟ್ಟದೆ ಮೆಟ್ಟಿಲು ಹತ್ತಿದವನು ಬೆಟ್ಟವನ್ನು ಹತ್ತಿದವನಿಗೆ ಸಮಾನನು.

ಉತ್ತರವು ಕೆಳಗೆ ನಿಂತು ಕತ್ತೆತ್ತಿದವರಿಗೆ ಕಾಣುವುದು. ಚೌಕಾಕಾರದ ಆ ಸಭಾಂಗಣದ ಒಂದೊಂದು ಪಕ್ಕವೂ 135 ಅಡಿಗಿಂತ ತುಸು ಹೆಚ್ಚು. ಗೋಡೆಗಳ ಬದಿಯಿಂದ ಎಂಟು ಕಮಾನುಗಳು ಎದ್ದು, ಒಂದನ್ನೊಂದು ಕತ್ತರಿಸಿಕೊಂಡು, ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ತಿರುಗಿಸಿ ಇಟ್ಟಂತೆ ಹೆಣೆದುಕೊಳ್ಳುವುವು. ಮನೆಯಂಗಳದಲ್ಲಿ ಹೆಣ್ಣುಮಕ್ಕಳು ಹಾಕುವ ಎಂಟು ಮೂಲೆಯ ರಂಗವಲ್ಲಿಯನ್ನು ಬಲ್ಲವರಿಗೆ ಇದು ತಟ್ಟನೆ ತಿಳಿಯುವುದು. ಹೀಗೆ ಚೌಕವು ಎಂಟು ಮೂಲೆಯಾಯಿತು, ಎಂಟು ಮೂಲೆಯು ವೃತ್ತವಾಯಿತು, ಆ ವೃತ್ತದ ಮೇಲೆ ಗುಮ್ಮಟವು ಕುಳಿತಿತು. ಬುಡದಲ್ಲಿ ಹತ್ತು ಅಡಿ ದಪ್ಪವಿರುವ ಆ ಗುಮ್ಮಟವು ಹೊರಕ್ಕೆ ಒತ್ತುವುದು. ಒಳಕ್ಕೆ ಚಾಚಿಕೊಂಡಿರುವ ಕಮಾನುಗಳ ಭಾರವು ಅದನ್ನು ಒಳಕ್ಕೆ ಸೆಳೆದು ಹಿಡಿಯುವುದು. ಕಟ್ಟಡಗಳ ಇತಿಹಾಸವನ್ನು ಬರೆದ ಜೇಮ್ಸ್ ಫರ್ಗುಸನ್ ಇದರ ಬಲವನ್ನು ಹೀಗೆಯೇ ವಿವರಿಸಿದನು. ಮೊಣಕಾಲು ನೋವಿನ ಹಿರಿಯರು ಮೇಲೆ ಹತ್ತಲಾರೆವಲ್ಲ ಎಂದು ಬಾಗಿಲಲ್ಲಿ ಕುಳಿತು ಮೊಮ್ಮಕ್ಕಳ ಚಪ್ಪಲಿಯನ್ನು ಕಾಯುವುದುಂಟು. ಕಾಯಬೇಕಾದ್ದಿಲ್ಲ, ಆ ಕಟ್ಟಡದ ಅತ್ಯಂತ ಜಾಣತನದ ಭಾಗವು ಅವರ ನೆತ್ತಿಯ ಮೇಲೆಯೇ ಇದೆ.

ಹತ್ತಬಲ್ಲವರ ವಿಷಯಕ್ಕೆ ಬರೋಣ. ನಾಲ್ಕು ಮೂಲೆಗಳಲ್ಲಿ ಏಳೇಳು ಅಂತಸ್ತಿನ ನಾಲ್ಕು ಗೋಪುರಗಳುಂಟು. ಅವುಗಳ ಮೆಟ್ಟಿಲು ಕಡಿದು, ದಾರಿ ಇಕ್ಕಟ್ಟು. ಇಳಿಯುವವರೂ ಏರುವವರೂ ಎದುರಾದರೆ ಗೋಡೆಗೆ ಅಂಟಿ ನಿಲ್ಲಬೇಕು. ಆದುದರಿಂದ ಬೆಳಗ್ಗೆ ಬಾಗಿಲು ತೆರೆಯುತ್ತಲೇ ಹತ್ತುವುದು ಲೇಸು. ಇದಕ್ಕೆ ನೂಕುನುಗ್ಗಲೊಂದೇ ಕಾರಣವೆಂದು ತಿಳಿಯಬಾರದು. ಗುಮ್ಮಟವಿರುವುದು ಹಳೆಯ ನಗರದ ಪೂರ್ವಭಾಗದಲ್ಲಿ, ಕೋಟೆಗೋಡೆಯ ಸಮೀಪದಲ್ಲಿ. ನೋಡಬೇಕಾದ ನಗರವೆಲ್ಲ ಅದರ ಪಶ್ಚಿಮಕ್ಕೆ ಹರಡಿಕೊಂಡಿದೆ. ಪ್ರಾತಃಕಾಲದಲ್ಲಿ ಸೂರ್ಯನು ನೋಡುವವನ ಬೆನ್ನಿಗಿರುವನು. ಪಶ್ಚಿಮದ ಕಟ್ಟಡಗಳೆಲ್ಲ ಮುಖದ ಮೇಲೆ ಬೆಳಕು ಹೊತ್ತು ನಿಲ್ಲುವುವು. ಗುಮ್ಮಟದ ನೆರಳು ಮಾಳಿಗೆಯ ಆ ಬದಿಯ ಮೇಲೆಯೇ ಬಿದ್ದು ತಂಪಾಗಿರುವುದು. ಸಂಜೆಯಲ್ಲಿ ಹತ್ತಿದವನಿಗೆ ಬಿಸಿಲು ಕಣ್ಣಿಗೆ ಹೊಡೆದು ನಗರವು ಬರಿಯ ಕಪ್ಪುಗೆರೆಯಾಗಿ ಕಾಣುವುದು. ಇಷ್ಟು ಸಣ್ಣ ವಿಚಾರವನ್ನು ಯಾತ್ರೆಯ ಕಾಗದದಲ್ಲಿ ಬರೆದುಕೊಂಡವರು ಎಷ್ಟು ಮಂದಿ?

ಮಾಳಿಗೆಯ ಮೇಲೆ ನಿಂತವರು ಅರುಂಧತೀದರ್ಶನ ನ್ಯಾಯವನ್ನು ನೆನೆಯತಕ್ಕದ್ದು. ವಧುವಿಗೆ ಅರುಂಧತಿಯನ್ನು ತೋರಿಸುವ ಪುರೋಹಿತರು ಮೊದಲು ಸಮೀಪದ ದೊಡ್ಡ ನಕ್ಷತ್ರವನ್ನು ತೋರಿಸಿ, ಆಮೇಲೆ ಆ ಸೂಕ್ಷ್ಮ ತಾರೆಯತ್ತ ಕಣ್ಣನ್ನು ಒಯ್ಯುವರಷ್ಟೆ. ಹಾಗೆಯೇ ಇಲ್ಲಿ ಮೊದಲು ಸ್ಥೂಲವಾದ ಕೋಟೆಗೋಡೆಯನ್ನು ಹಿಡಿಯಬೇಕು. ಒಂದನೆಯ ಅಲಿ ಆದಿಲಶಾಹನು 1565ರ ಸುಮಾರಿಗೆ ಕಟ್ಟಿಸಿದ ಈ ಗೋಡೆಯ ಸುತ್ತಳತೆ ಆರು ಮೈಲಿಗೂ ಮಿಕ್ಕುದು, ಅದರಲ್ಲಿ ತೊಂಬತ್ತಾರು ಬುರುಜುಗಳು. ಈಗ ಅಲ್ಲಲ್ಲಿ ಮುರಿದು, ಮನೆಗಳ ನಡುವೆ ಮುಳುಗಿ ಮತ್ತೆ ಏಳುವ ಅದರ ಗೆರೆಯನ್ನು ಕಣ್ಣಿನಿಂದ ಹಿಂಬಾಲಿಸಿದರೆ ನಗರದ ಆಕಾರವು ಮನಸ್ಸಿನಲ್ಲಿ ಮೂಡುವುದು. ನೈಋತ್ಯಕ್ಕೆ ಜುಮ್ಮಾ ಮಸೀದಿಯ ಗುಮ್ಮಟ; ನಡುವೆ ಅರಕಿಲ್ಲೆಯ ಪ್ರದೇಶ; ಪಶ್ಚಿಮದ ಬದಿಯಲ್ಲಿ, 1584ರಲ್ಲಿ ಎತ್ತಿದ, ಎಂಬತ್ತು ಅಡಿಯ ಉಪ್ಪಲಿ ಬುರುಜು. ಇವು ಗುರುತಿಗೆ ಸಿಕ್ಕಿದ ಮೇಲೆ ಸೂಕ್ಷ್ಮಕ್ಕೆ ಹೋಗಬಹುದು.

ಸೂಕ್ಷ್ಮವೆಂದರೆ ಮೂರು ತಲೆಮಾರುಗಳ ಗೋರಿಗಳು. ನೋಡುವವನು ನಿಂತಿರುವುದು ಮಹಮ್ಮದ ಆದಿಲಶಾಹನ ಗೋರಿಯ ಮೇಲೆ. ಅವನು 1627ರಿಂದ 1656ರ ವರೆಗೆ ಆಳಿದನು. ದೂರದಲ್ಲಿ, ಪಶ್ಚಿಮದ ಗೋಡೆಯ ಆಚೆಗೆ, ಸಣ್ಣ ಮಿನಾರುಗಳ ಗುಂಪಿನಂತೆ ಕಾಣುವುದು ಅವನ ತಂದೆ ಎರಡನೆಯ ಇಬ್ರಾಹಿಮನ ರೋಜಾ. ಇವೆರಡರ ನಡುವೆ, ಹೆಚ್ಚುಕಡಿಮೆ ಅದೇ ನೇರದಲ್ಲಿ, ಮೇಲ್ಛಾವಣಿಯಿಲ್ಲದ ಕಮಾನುಗಳು ಬಾನಿಗೆ ಬಾಯ್ದೆರೆದು ನಿಂತಿರುವ ಬಾರಾಕಮಾನು. ಅದು ಮಹಮ್ಮದನ ಮಗ ಎರಡನೆಯ ಅಲಿಯ, ಪೂರ್ತಿಯಾಗದೆ ಉಳಿದ ಗೋರಿ. ತಂದೆಯ ರೋಜಾ ಕೆತ್ತನೆಯ ಬೆಡಗಿನದು. ಕಲ್ಲಿನ ಜಾಲಂಧ್ರಗಳಲ್ಲಿ ಅಕ್ಷರಗಳನ್ನೇ ಹೆಣೆದಿರುವರು. ನಾಜೂಕಿನಲ್ಲಿ ಅದನ್ನು ಮೀರಲಾಗದೆಂದು ತಿಳಿದೇ ಮಗನು ಗಾತ್ರವನ್ನು ಹಿಡಿದನೆಂದು ವಿದ್ವಾಂಸರು ಊಹಿಸಿರುವರು. ಗಾತ್ರದಲ್ಲಿಯೂ ಸೋಲದಿರಬೇಕೆಂದು ಮೊಮ್ಮಗನು ಅಡಿಪಾಯ ಹಾಕಿದನು. 1672ರಲ್ಲಿ ಅವನು ತೀರಿದನು, ಕಮಾನುಗಳು ಹಾಗೆಯೇ ನಿಂತುವು. 1686ರಲ್ಲಿ ಔರಂಗಜೇಬನು ಊರನ್ನು ಹಿಡಿದನು. ಅಲ್ಲಿಗೆ ಆದಿಲಶಾಹಿಯೇ ಮುಗಿಯಿತು. ಇದನ್ನು ಪುಸ್ತಕದಲ್ಲಿ ಓದಲು ಹಲವು ಪುಟಗಳು ಬೇಕು. ಮಾಳಿಗೆಯ ಮೇಲೆ ತಲೆಯನ್ನು ತುಸು ತಿರುಗಿಸಿದರಾಯಿತು. ಇಂಥ ಜಾಗದಲ್ಲಿ ನಗರಕ್ಕೆ ಬೆನ್ನು ಹಾಕಿ ತಮ್ಮ ಚಿತ್ರವನ್ನು ತೆಗೆದುಕೊಳ್ಳುವವರ ವಿಷಯದಲ್ಲಿ ಏನನ್ನು ಹೇಳುವುದು!

ಮಾಳಿಗೆಯಿಂದ ಗುಮ್ಮಟದ ದಪ್ಪಗೋಡೆಯನ್ನು ಕೊರೆದ ಸಣ್ಣ ಬಾಗಿಲುಗಳ ಮೂಲಕ ಒಳಗೆ ಹೊಕ್ಕರೆ ಮೊಗಸಾಲೆ. ಹನ್ನೊಂದು ಅಡಿಯ ಅಗಲ. ಕೆಳಗಣ ನೆಲಕ್ಕೆ ನೂರ ಒಂಬತ್ತು ಅಡಿ. ಇದಕ್ಕೆ ‘ಪಿಸುಮಾತಿನ ಮೊಗಸಾಲೆ’ ಎಂದು ಹೆಸರು. ಹೆಸರಿನಲ್ಲಿಯೇ ವಿಧಿಯಿದೆ, ಪಿಸುಮಾತು ಎಂದರೆ ಅರಚಾಟ ಎಂದು ಯಾವ ನಿಘಂಟಿನಲ್ಲಿಯೂ ಇಲ್ಲ. ಒಬ್ಬನು ಗೋಡೆಯ ಬಳಿ ಮುಖವಿಟ್ಟು ಮೆಲ್ಲನೆ ಆಡಿದ ಮಾತು, 124 ಅಡಿ ಆಚೆ ಎದುರುಬದಿಯಲ್ಲಿ ಕಿವಿಗೊಟ್ಟವನಿಗೆ ಹತ್ತಿರದಲ್ಲಿಯೇ ಆಡಿದಂತೆ ಕೇಳಿಸುವುದು. ಬಾಗಿದ ಗೋಡೆಯನ್ನು ಅಪ್ಪಿಕೊಂಡು ಶಬ್ದವು ತೆವಳುವುದರಿಂದ ಅದು ನಾಲ್ಕು ದಿಕ್ಕಿಗೂ ಚೆದರಿ ಕ್ಷೀಣಿಸುವುದಿಲ್ಲ. ಲಂಡನ್ನಿನ ಸಂತ ಪೌಲನ ದೇವಾಲಯದಲ್ಲಿ ಇಂಥದೇ ಮೊಗಸಾಲೆಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ರೇಲೀ ಎಂಬ ಭೌತವಿಜ್ಞಾನಿಯು ಅದರ ಕಾರಣವನ್ನು ವಿಚಾರಿಸಿದನು. 1921ರಲ್ಲಿ ನಮ್ಮ ಸಿ. ವಿ. ರಾಮನ್ನರು ಅಲ್ಲಿಯೇ ನಿಂತು ಪರೀಕ್ಷೆ ನಡೆಸಿದರು. ನೊಬೆಲ್ ಬಹುಮಾನಕ್ಕೆ ಪಾತ್ರರಾಗಲಿದ್ದ ಪುರುಷರು ಕಿವಿಗೊಟ್ಟು ಕೇಳಲು ಯೋಗ್ಯವೆಂದು ಎಣಿಸಿದ ಸಂಗತಿಯು ವಿಜಯಪುರದಲ್ಲಿ ಹುಯ್ಯಲಿನ ಆಟಿಕೆಯಾಗಿದೆ.

ಪ್ರತಿಧ್ವನಿಯ ಎಣಿಕೆಯೂ ಹೀಗೆಯೇ. ಏಳು ಬಾರಿ ಎಂದು ಒಬ್ಬರು, ಹತ್ತು ಬಾರಿ ಎಂದು ಮತ್ತೊಬ್ಬರು ವಾದಿಸುವರು. ಎಣಿಸಿದವರು ಯಾರು? ಶಬ್ದವು ಒಂದು ಸೆಕೆಂಡಿನಲ್ಲಿ ಸುಮಾರು 1,125 ಅಡಿ ಸಂಚರಿಸುವುದು. ಗುಮ್ಮಟದ ಎದುರುಬದಿಗೆ ಹೋಗಿ ಮರಳಲು ಅದಕ್ಕೆ ಸೆಕೆಂಡಿನ ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚು ಹೊತ್ತು ಬೇಕು. ಹತ್ತು ಬಾರಿ ಮರಳಬೇಕಾದರೆ ಎರಡು ಸೆಕೆಂಡು ಕಳೆಯಬೇಕು. ಒಂದು ಚಪ್ಪಾಳೆಯ ತರುವಾಯ ಮೂರು ಸೆಕೆಂಡಿನ ಮೌನವಿದ್ದರೆ ಮಾತ್ರ ಎಣಿಕೆ ಸಾಧ್ಯ. ನಲವತ್ತು ಮಂದಿ ಹುಡುಗರು ಸಾಲಾಗಿ ಕೂಗುತ್ತಿರುವಾಗ, ಅವರ ಹಿಂದೆ ಇನ್ನು ನಲವತ್ತು ಮಂದಿ ಬಾಗಿಲಲ್ಲಿ ಕಾದಿರುವಾಗ, ಆ ಮೂರು ಸೆಕೆಂಡನ್ನು ಎಲ್ಲಿಂದ ತರುವುದು? ಹಬ್ಬದ ರಜೆಗಳಲ್ಲಿ ಹೋದವರಿಗೆ ಕೇಳಿಸುವುದು ಪ್ರತಿಧ್ವನಿಯೂ ಅಲ್ಲ, ಧ್ವನಿಯೂ ಅಲ್ಲ. ಸಂತೆಯ ಮೇಲೆ ಬೋಗುಣಿಯನ್ನು ಬೋರಲು ಹಾಕಿದಂಥ ಒಂದು ಮೊರೆತ. ಕೂಗುವವನು ತನ್ನ ಕೂಗನ್ನೇ ಕೇಳಲಾರನು. ನೆರೆಯವನು ಕೇಳಬೇಕೆಂದಿದ್ದುದನ್ನೂ ಕೆಡಿಸುವನು.

ಇಲ್ಲಿ ಪೂರ್ವಪಕ್ಷವೊಂದು ಏಳುವುದು. ‘ಮಕ್ಕಳು ಮಕ್ಕಳೇ, ವರ್ಷವೆಲ್ಲ ತರಗತಿಯಲ್ಲಿ ಬಾಯಿ ಮುಚ್ಚಿ ಕುಳಿತವರು ಒಂದು ದಿನ ಕೂಗಿಕೊಳ್ಳಲಿ, ಇದರಿಂದ ಕಲ್ಲಿಗೆ ಏನು ನೋವು?’ ಎಂಬುದು ಹಲವು ಉಪಾಧ್ಯಾಯರ ಮತ. ಕೂಗಲು ಮಕ್ಕಳಿಗೆ ಹೊಲವುಂಟು, ಆಟದ ಬಯಲುಂಟು. ಗುಮ್ಮಟದ ಸುತ್ತಲೂ ಬೇಕಾದಷ್ಟು ವಿಶಾಲವಾದ ತೋಟವೂ ಉಂಟು. ಪಿಸುಮಾತು ಗೋಡೆಯ ಸುತ್ತ ಹರಿದುಬರುವ ಮೊಗಸಾಲೆಯು ಕನ್ನಡನಾಡಿನ ಮಕ್ಕಳಿಗೆ ಇದೊಂದೇ. ನಾಡಿನ ಎಷ್ಟೋ ಹಳ್ಳಿಗಳ ಮಕ್ಕಳು ಹಣ ಕೂಡಿಸಿ, ರಾತ್ರಿಯೆಲ್ಲ ಬಸ್ಸಿನಲ್ಲಿ ತೂಕಡಿಸಿ, ಆಯುಷ್ಯದಲ್ಲಿ ಒಮ್ಮೆ ಅಲ್ಲಿಗೆ ಬರುವರು. ಆ ಒಮ್ಮೆಯನ್ನು ಅವರ ಕೈಯಿಂದ ಕಿತ್ತುಕೊಳ್ಳುವವರು ಯಾರು? ಅವರನ್ನು ಕರೆದುತಂದು, ಮೇಲೆ ಹತ್ತಿಸಿ, ‘ಕೂಗಿರೋ’ ಎಂದು ಮೊದಲ ಕೂಗನ್ನು ತಾವೇ ಹಾಕುವ ಗುರುಗಳು. ಮಕ್ಕಳ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ.

ಇನ್ನೊಂದು ಮಾತುಂಟು, ಅದನ್ನು ಈಗ ಯಾರೂ ಆಡುವುದಿಲ್ಲ. ಗೋಳಗುಮ್ಮಟವು ವಿನೋದಶಾಲೆಯಲ್ಲ, ಸಮಾಧಿ. ನಡುವಣ ಜಗಲಿಯ ಮೇಲೆ ಮಹಮ್ಮದ ಆದಿಲಶಾಹ, ಅವನ ಇಬ್ಬರು ಪತ್ನಿಯರು, ರಂಭಾ ಎಂಬ ನರ್ತಕಿ, ಒಬ್ಬ ಮಗಳು, ಒಬ್ಬ ಮೊಮ್ಮಗ, ಹೀಗೆ ಆರು ಮಂದಿಯ ಗುರುತುಗಳಿವೆ. ನಿಜವಾದ ಗೋರಿಗಳು ಅದರ ಕೆಳಗಣ ನೆಲಮಾಳಿಗೆಯಲ್ಲಿವೆ. ದಕ್ಷಿಣದ ಬಾಗಿಲ ಮೇಲಣ ಶಾಸನದಲ್ಲಿ ದೊರೆಯ ಮರಣದ ವರ್ಷವನ್ನು, ಹಿಜರಿ 1067 ಎಂಬುದನ್ನು, ಮೂರು ವಾಕ್ಯಗಳಲ್ಲಿ ಮೂರು ಬಗೆಯಾಗಿ ಅಡಗಿಸಿರುವರು. ಅಕ್ಷರಗಳಿಗೆ ಸಂಖ್ಯೆಯನ್ನು ಕೊಟ್ಟು ವರ್ಷವನ್ನು ಹೇಳುವ ಈ ಜಾಣ್ಮೆಯು ಕಟಪಯಾದಿಯನ್ನು ಬಲ್ಲ ನಮ್ಮವರಿಗೆ ಅಪರಿಚಿತವೇನಲ್ಲ. ಸ್ವಂತ ಮನೆಯ ಹಿರಿಯರ ಬೃಂದಾವನದ ಮುಂದೆ, ಇಲ್ಲವೇ ಊರ ಗುರುಗಳ ಗದ್ದಿಗೆಯ ಮುಂದೆ, ತಮ್ಮ ಮಕ್ಕಳು ಹೀಗೆ ಹುಯ್ಯಲಿಟ್ಟರೆ ಇದೇ ಗೃಹಸ್ಥರು ಸುಮ್ಮನಿರುವರೇ? ರಂಭೆಯು ಮೇಲಿನಿಂದ ಹಾರಿ ಪ್ರಾಣಬಿಟ್ಟಳೆಂಬ ಕಥೆಯನ್ನು ದಾರಿತೋರುವವರು ಸ್ವಾರಸ್ಯವಾಗಿ ಹೇಳುವರು. ಇತಿಹಾಸಕ್ಕಿಂತ ಆ ಕಥೆಯೇ ಕೇಳುವವರಿಗೆ ರುಚಿಸುವುದು; ಕೇಳಿ, ‘ಅಯ್ಯೋ ಪಾಪ’ ಎಂದು, ಆಕೆ ಮಲಗಿರುವ ಜಾಗದ ಮೇಲುಗಡೆಯೇ ನಿಂತು ಶಿಳ್ಳೆ ಹಾಕುವರು.

ಹಣದ ಮಾತನ್ನೂ ಕೆಲವರು ಎತ್ತುವರು. ಒಂದು ಬಾಡಿಗೆಯ ಬಸ್ಸಿಗೆ ಐದು ಊರು ತೋರಿಸಿದರೆ ತಲೆಗೆ ಬೀಳುವ ಖರ್ಚು ಕಡಮೆಯೆಂಬುದು ಅವರ ಲೆಕ್ಕ. ಬಾದಾಮಿಗೇ ವಿಜಯಪುರದಿಂದ ಸುಮಾರು 120 ಕಿಲೋಮೀಟರು. ಐದು ಊರು ನೋಡಿದ ಹುಡುಗನು ಮನೆಗೆ ಬಂದು ಹೇಳುವುದು ಬಸ್ಸಿನಲ್ಲಿ ಹಾಡಿದ ಹಾಡುಗಳನ್ನು. ವಿಜಯಪುರವೊಂದಕ್ಕೇ ಪೂರ್ಣವಾದ ಎರಡು ದಿನಗಳನ್ನಿಟ್ಟು, ಮೊದಲ ದಿನ ಬೆಳಗ್ಗೆ ಗುಮ್ಮಟದ ಮಾಳಿಗೆಯಿಂದ ಊರನ್ನು ಓದಿ, ಮೇಲಿನಿಂದ ಗುರುತಿಸಿದ ಒಂದೊಂದನ್ನೂ ಆಮೇಲೆ ಹತ್ತಿರ ಹೋಗಿ ನೋಡುವುದು ಕ್ರಮ. ಇಬ್ರಾಹಿಮ ರೋಜಾವನ್ನು ಮಾತ್ರ ಎರಡನೆಯ ದಿನಕ್ಕೆ ಉಳಿಸಿಕೊಳ್ಳಬೇಕು. ಗುಮ್ಮಟದ ಗಾತ್ರವು ಕಣ್ಣಿನಲ್ಲಿ ತುಂಬಿರುವಾಗಲೇ ಅಲ್ಲಿಗೆ ಹೋದರೆ ಅದು ಸಣ್ಣದೆಂದು ತೋರಿ ಅನ್ಯಾಯವಾಗುವುದು.

ಕಟ್ಟಡವನ್ನು ಕಾಪಾಡುತ್ತಿರುವ ಪುರಾತತ್ತ್ವ ಇಲಾಖೆಯವರಿಗೂ ಒಂದು ಬಿನ್ನಹ ಸಲ್ಲತಕ್ಕದ್ದಿದೆ. ಕೂಗಬಾರದೆಂಬ ಹಲಗೆಯನ್ನು ತೂಗಹಾಕುವುದರಿಂದ ಫಲವಿಲ್ಲ. ದಿನಕ್ಕೆ ಒಂದು ಗಂಟೆಯನ್ನು, ಬೆಳಗಿನ ಮೊದಲ ಗಂಟೆಯನ್ನೇ, ಮೌನದ ಗಂಟೆಯೆಂದು ಸಾರಿ, ಆ ಹೊತ್ತಿನಲ್ಲಿ ಇಪ್ಪತ್ತು ಮೂವತ್ತು ಮಂದಿಯನ್ನು ಮಾತ್ರ ಸರದಿಯಂತೆ ಮೊಗಸಾಲೆಯೊಳಕ್ಕೆ ಬಿಡಲಿ. ಉಳಿದ ಹೊತ್ತೆಲ್ಲ ಕೂಗುವವರದೇ ಆಗಲಿ. ಒಂದು ಗಂಟೆಯನ್ನು ಕೇಳುವವರಿಗೆ ಬಿಟ್ಟುಕೊಡುವುದರಿಂದ ಯಾರ ಆದಾಯಕ್ಕೂ ಕೊರತೆಯಾಗದು.

ಮಕ್ಕಳು ಸುಮ್ಮನಿರಲಾರರೆಂಬುದು ಉಪಾಧ್ಯಾಯರ ಕೊನೆಯ ಆಕ್ಷೇಪ. ಕೆಲಸವನ್ನು ಕೊಡದೆ ಸುಮ್ಮನಿರೆಂದರೆ ದೊಡ್ಡವರೂ ಇರಲಾರರು. ಒಬ್ಬ ಹುಡುಗಿಯ ಕೈಗೆ ಒಂದು ತುಂಡು ಕಾಗದವನ್ನು ಕೊಟ್ಟು ಮೊಗಸಾಲೆಯ ಪೂರ್ವಬದಿಯಲ್ಲಿ ಗೋಡೆಯ ಕಡೆ ಮುಖಮಾಡಿ ನಿಲ್ಲಿಸಲಿ. ಮಿಕ್ಕವರೆಲ್ಲ ಪಶ್ಚಿಮದ ಬದಿಗೆ ಹೋಗಿ ಗೋಡೆಗೆ ಕಿವಿಯಿಟ್ಟು ಕುಳಿತುಕೊಳ್ಳಲಿ. ಅವಳು ಆ ಕಾಗದವನ್ನು ಎಷ್ಟು ತುಂಡಾಗಿ ಹರಿದಳೆಂಬುದನ್ನು ಇವರು ಎಣಿಸಿ ಹೇಳಬೇಕು. ತಪ್ಪಿದವರು ಮತ್ತೊಮ್ಮೆ ಕೇಳಬೇಕು.